ಬೇಡವೆನ್ನಲು ಒಂದು ಇಂಗ್ಲಿಷ್ ಪದ

ನಮ್ಮಕ್ಕನನ್ನು ಶಿಗ್ಗಾಂವಿಯ ವರನೇ ಬೇಡವೆಂದ ಅಂತ ಹಿರೇಕೆರೂರಿನ ನಮ್ಮ ಓಣಿಯವರು ಈಗಲೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಬೇಡವೆಂಬ ಮೆಸೇಜು ಟೈಪ್ ಮಾಡಿದವಳೇ ನಾನು.

ಬಿ.ಎಡ್. ಮುಗಿಸುವ ಮೊದಲು ಅಕ್ಕನಿಗೆ ಮದುವೆ ಬೇಡವಾಗಿತ್ತು. ಕನ್ನಡದಲ್ಲಿ ಬರೆದರೆ ಜಗಳ ತೆಗೆದಂತಾಗುತ್ತದೆಂದು ಇಂಗ್ಲಿಷ್ ಹಿಡಿದಳು. ನಾನು ‘ಕ್ಯಾನ್ಸಲ್’ ಎಂದೆ.

“ಅವರೇನ್ ಬಸ್ಸಿನ ಟಿಕೆಟ್ಟೇನ?”

‘ಫಿನಿಶ್’ ಎಂದೆ.

“ಧಮಕಿ ಹಾಕಿದಂಗ ಆಕ್ಕೈತಿ, ಬ್ಯಾಡ. ಪಾಪ, ಛಲೋ ಮನಷ್ಯಾರ ಅದಾರ.”

ಕಡೆಗೆ ಇಲ್ಲಿಗೇ ‘ಸ್ಟಾಪ್’ ಮಾಡೋಣವೆಂದು ಬರೆದು ಕಳಿಸಿದೆವು. ಅಕ್ಕ ಉಗುರು ಕಚ್ಚುತ್ತ ಕುಳಿತಿರುವಾಗಲೇ ವರನ ಉತ್ತರ ಬಂತು, ಕನ್ನಡದಲ್ಲಿ: “ಭಾಳ ಉಪಕಾರ ಆತ್ರಿ. ಇದನ್ನ ಇಂಗ್ಲಿಷಿನ್ಯಾಗ ಹೆಂಗ ಹೇಳೂದಂತ ನಾನೂ ಎರಡು ದಿನದಿಂದ ಹುಡುಕಾಕತ್ತಿದ್ದೆ.”

ಅಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನನಗೆ ಮಾತ್ರ ಇನ್ನೂ ಸಮಾಧಾನವಿಲ್ಲ. ವರ ಮಹಾಶಯರೇ, ಮೊದಲು ನೀವೇ ಕಳಿಸಿದ್ದರೆ ಯಾವ ಪದ ಹಾಕುತ್ತಿದ್ದಿರಿ?