ನನ್ನ ತೆವಲು, ಅವಳ ಗಣಿತ

ಬಸ್ಸು ಕೆಡಬಹುದಿತ್ತು. ಗುಂಡ್ಲುಪೇಟೆ ದಾಟುವ ಮೊದಲೇ ಈರುಳ್ಳಿ ಲಾರಿಗಳ ನಡುವೆ ಸಿಕ್ಕಿಕೊಳ್ಳಬಹುದಿತ್ತು. ಪ್ರವೇಶಪತ್ರ ಮನೆಯಲ್ಲೇ ಉಳಿಯಬಹುದಿತ್ತು, ಪೆನ್ನು ಕಾರಬಹುದಿತ್ತು, ಪರೀಕ್ಷೆಯ ಕೊಠಡಿಯಲ್ಲಿ ಹೆಂಡತಿಗೆ ತಲೆ ಸುತ್ತಬಹುದಿತ್ತು. ಇದ್ಯಾವುದೂ ಆಗದಿದ್ದರೂ ಗ್ಯಾಸ್ ಒಲೆ ಆರಿಸದೆ ಬಂದಿರಬಹುದಿತ್ತು.

ಕೊನೆಯದೇ ನನ್ನ ಕಾಯಿಲೆ. ಬೀಗ ಹಾಕಿ ಬೀದಿಯ ತಿರುವಿಗೆ ಬಂದವನಿಗೆ ವಾಪಸು ಹೋಗಿ ಒಲೆ ನೋಡದಿದ್ದರೆ ಕಾಲು ಮುಂದಕ್ಕೆ ಏಳುವುದಿಲ್ಲ. ನೋಡಿ ಬಂದ ಮೇಲೆ, ಸರಿಯಾಗಿ ನೋಡಿದೆನೇ ಎಂದು ಇನ್ನೊಮ್ಮೆ. ನಮ್ಮವ್ವ ಬದುಕಿದ್ದಾಗ ಇದನ್ನು ತೆವಲು ಎನ್ನುತ್ತಿದ್ದಳು. ನಮ್ಮ ಕಡೆ ಅದು ಇಸ್ಪೀಟು, ಹೆಂಡದವರಿಗೆ ಅನ್ನುವ ಮಾತು. ಹೊತ್ತಿಗೆ ಸರಿಯಾಗಿ ಆಫೀಸಿಗೆ ಹೋಗಿಬರುವ ನನಗೆ ಹಾಗೆ ಅನ್ನಬಹುದೇ ಎಂದು ಒಮ್ಮೆ ಕೇಳಿದೆ.

"ಬೈಗುಳ ಅನ್ಕಂಡ್ಯೇನ್ಲಾ? ಮೈ ಕಡಿಯೋದ್ ಕಣ ತೆವಲು ಅಂದ್ರೆ. ಕೆರ್ಕಂಡಷ್ಟೂ ಕೆರ್ಕಬೇಕು ಅನ್ಸ್ತದೆ. ಸುಮ್ಕೆ ಬುಟ್ರೆ ಅದೇ ಓಯ್ತದೆ."

ನಂಬದೆ ವಾಚನಾಲಯದ ದಪ್ಪ ನಿಘಂಟು ತೆಗೆದೆ. ಅಲ್ಲೂ ಮೊದಲು ತುರಿಕೆ, ಆಮೇಲೆ ತಡೆಯಲಾರದ ಬಯಕೆ. ಚರ್ಮದಲ್ಲಿ ಹುಟ್ಟಿದ ಮಾತು ಮನಸ್ಸಿಗೆ ಹತ್ತಿಕೊಂಡಿದೆ ಎಂದುಕೊಂಡೆ. ಸರಿಯಾಗಿ ಓದಿದೆನೇ ಎಂದು ಮಾರನೆಯ ದಿನ ಮತ್ತೆ ಹೋಗಿ ನೋಡಿದೆ.

ಹೆಂಡತಿ ಅಂಗನವಾಡಿಯಲ್ಲಿ ಸಹಾಯಕಿ. ಕಾರ್ಯಕರ್ತೆಯಾಗಲು ಎಸ್ಸೆಸ್ಸೆಲ್ಸಿ ಬೇಕು, ಗಣಿತವೊಂದು ಬಾಕಿ. ಅದನ್ನು ಬರೆಯಲೆಂದೇ ಅವತ್ತು ನಾವು ಚಾಮರಾಜನಗರದ ಬಸ್ಸು ಹತ್ತಿದ್ದು. ತೆರಕಣಾಂಬಿ ಬಂತು. ಹಿಂದೊಮ್ಮೆ ಮದುವೆಗೆ ಹೊರಟವರು ಅಲ್ಲೇ ಇಳಿದು, ಒಲೆ ನೋಡಲು ಮನೆಗೆ ಮರಳಿ, ಮುಹೂರ್ತ ತಪ್ಪಿಸಿಕೊಂಡಿದ್ದೆವು. ನನ್ನ ಕೈ ಮುಂದಿನ ಸೀಟಿನ ಕಂಬಿ ಹಿಡಿಯಿತು.

"ಇಳ್ಯದಾದ್ರೆ ನೀವ್ ಇಳ್ಕಳಿ. ನಾನ್ ಓಯ್ತೀನಿ," ಎಂದಳು. ಆಮೇಲೆ ಬುತ್ತಿಯ ಚೀಲಕ್ಕೆ ಕೈ ಹಾಕಿ, ಒಲೆ ಹಚ್ಚಲು ತಿರುಗಿಸುವ ಎರಡು ಕರಿ ಗುಂಡಿಗಳನ್ನು ನನ್ನ ಮಡಿಲಿಗೆ ಹಾಕಿದಳು. "ತಗಳಿ ನಿಮ್ಮ ಒಲೆ. ಎಲ್ಡೂ ಆರ್ಸಿ ಕಿತ್ಕಂಡೇ ಬಂದಿವ್ನಿ."

ಬೀಗದ ಮಾತೆತ್ತಲು ಬಾಯಿ ತೆರೆದೆ. ಅವಳ ಮುಖ ನೋಡಿ ಮುಚ್ಚಿದೆ.

ಅವಳು ಒಳಗೆ ಬರೆಯುವಷ್ಟು ಹೊತ್ತೂ ಹೊರಗೆ ಹೊಂಗೆಮರದ ಕೆಳಗೆ ಕೂತು ಗುಂಡಿ ತಿರುಗಿಸುತ್ತಿದ್ದೆ. ಗಂಟೆ ಹೊಡೆಯಿತು. ನಗುತ್ತಲೇ ಬಂದಳು.

"ಬಡ್ಡಿ ಲೆಕ್ಕ ಒಂದು ಬುಟ್ಟೆ. ಮಿಕ್ಕಿದ್ದೆಲ್ಲಾ ಬರ್ದಿವ್ನಿ. ಪಾಸಾಯ್ತೀನಿ ಬುಡಿ."

ಎದುರಿನ ಹೋಟೆಲಿನಲ್ಲಿ ಟೀ ಕುಡಿದೆವು. ಬಸ್ಸು ಕೆಡಲಿಲ್ಲ. ಮನೆ ಇದ್ದಲ್ಲೇ ಇತ್ತು, ಬೀಗವೂ. ಹಾಲು ಕಾಯಿಸಲು ಅವಳು ಕೈ ಚಾಚಿದಾಗ ನನ್ನ ಜೇಬಿನಲ್ಲಿ ಸಿಕ್ಕಿದ್ದು ಒಂದೇ ಗುಂಡಿ.

"ಹೋಟೆಲ್ ಮೇಜಿನ ಮೇಲೆ ಬಿಟ್ಟೆ ಅನ್ಸುತ್ತೆ. ಈಗಲೇ ಹೋಗಿ ನೋಡಿ ಬರಲಾ?"

"ಏನೂ ಬ್ಯಾಡ. ರಿಸಲ್ಟ್ ಬಂದಾಗ ಮಾರ್ಕ್ಸ್ ಕಾರ್ಡ್ ಈಸ್ಕಳಕ್ ಅಲ್ಗೇ ಓಗ್ಬೇಕಲ್ಲ, ಆಗ್ ನೋಡನ," ಎಂದು ಇದ್ದೊಂದನ್ನೇ ಸಿಕ್ಕಿಸಿ ಒಲೆ ಹಚ್ಚಿದಳು.