ಕೀಲಿಕೈ ಇದ್ದದ್ದು ಬಾಲಮ್ಮನ ಹತ್ತಿರ

ಕೊರೋನಾ ಮುಗಿದು ಅಮೀರ್‌ಪೇಟಿನ ಹಾಸ್ಟೆಲುಗಳು ಮತ್ತೆ ತುಂಬಿದ ಮರುವರ್ಷದ ಮಾತು ಇದು. ನಾನು ಅಲ್ಲಿ ಹೆಣ್ಣುಮಕ್ಕಳ ಹಾಸ್ಟೆಲು ನಡೆಸಲು ಹಿಡಿದು ಆಗ ಇಪ್ಪತ್ತಾರು ವರ್ಷವಾಗಿತ್ತು. ಒಂಬತ್ತು ಕೋಣೆ, ಇಪ್ಪತ್ತೆರಡು ಹುಡುಗಿಯರು. ಹೆಚ್ಚಿನವರು ರಾಯಚೂರು, ಕಲಬುರಗಿ, ಬೀದರ್ ಕಡೆಯಿಂದ ಬ್ಯಾಂಕ್ ಪರೀಕ್ಷೆಯ ಕೋಚಿಂಗಿಗೆ ಬಂದವರು. ನಾನು ಓದಿದ್ದು ಎರಡನೇ ಇಯತ್ತೆ. ಬಸ್ಸಿನ ಬೋರ್ಡು ಓದುತ್ತೇನೆ, ಸಹಿ ಮಾಡುತ್ತೇನೆ, ಬಾಡಿಗೆ ತಪ್ಪಿಸಿದವರ ಮುಖ ಮರೆಯುವುದಿಲ್ಲ. ಹಾಸ್ಟೆಲು ನಡೆಸಲು ಅಷ್ಟು ಸಾಕು ಅಂದುಕೊಂಡಿದ್ದೆ. ಅಜ್ಜಿ ಅಂದವರಿಗೆ ಬಾಡಿಗೆ ಹೆಚ್ಚು ಅಂತ ಹೆದರಿಸಿದ್ದರಿಂದ ಎಲ್ಲರೂ ನನ್ನನ್ನು ಆಂಟಿ ಅನ್ನುತ್ತಿದ್ದರು.

ನಮ್ಮಲ್ಲಿ ಒಂದು ಕಟ್ಟಳೆ ಇತ್ತು. ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಓದುವ ಹೊತ್ತು. ಕೋಚಿಂಗಿನ ಹುಡುಗಿಯರೆಲ್ಲ ಆರಕ್ಕೆ ತಮ್ಮ ಫೋನು ತಂದು ಅಡುಗೆಮನೆಯ ದೊಡ್ಡ ಹಿಟ್ಟಿನ ಡಬ್ಬಿಗೆ ಹಾಕಬೇಕು. ಡಬ್ಬಿಗೆ ಬೀಗ. ಕೀಲಿಕೈ ಅಡುಗೆಯ ಬಾಲಮ್ಮನ ಸೊಂಟದಲ್ಲಿ. ಬಾಲಮ್ಮ ನಾರಾಯಣಪೇಟ ಕಡೆಯವಳು, ತೆಲುಗು ಎಷ್ಟೋ ಕನ್ನಡವೂ ಅಷ್ಟೇ ಬರುತ್ತಿತ್ತು. ನನ್ನಲ್ಲಿಗೆ ಬಂದು ಹನ್ನೊಂದು ವರ್ಷವಾಗಿತ್ತು. ಈ ಕಟ್ಟಳೆ ಕೇಳಿಯೇ ತಾಯಿತಂದೆಯರು ಮಕ್ಕಳನ್ನು ನನ್ನಲ್ಲಿ ಬಿಡುತ್ತಿದ್ದರು.

ಅವತ್ತು ಮಂಗಳವಾರ. ಏಳು ಗಂಟೆಯ ಸುಮಾರಿಗೆ ಬಾಲಮ್ಮ ಕೈಯಲ್ಲಿ ಹಿಟ್ಟು ಮೆತ್ತಿಕೊಂಡೇ ನನ್ನ ಕುರ್ಚಿಯ ಹತ್ತಿರ ಬಂದಳು.

“ಅಮ್ಮಾರ, ಡಬ್ಬಿ ಒಂದೇ ಸಮ ಗುರ್ರ್ ಅನ್ನಾಕತ್ತೈತ್ರಿ. ಯಾರದೋ ಫೋನ್ ಮ್ಯಾಲಿಂದ ಮ್ಯಾಲ ಬಡಕೊಳ್ಳಾಕತ್ತೈತಿ. ಬಂದು ನೋಡ್ರಿ.”

“ಒಂಬತ್ತಕ್ಕ ನೋಡಿದ್ರಾತು. ಇವತ್ತೊಬ್ಬಕಿಗೆ ತಗದ್ರ ನಾಳೆ ಇಪ್ಪತ್ತು ಮಂದಿ ಕೈ ಚಾಚ್ತಾರ. ಬಿಡು.”

ಅವಳು ಒಲೆಯ ಮುಂದಕ್ಕೆ ಹೋದಳು. ನಾನು ಚಹಾ ಕುಡಿದೆ.

ಒಂಬತ್ತಕ್ಕೆ ಡಬ್ಬಿ ತೆಗೆದಾಗ ಸ್ಫೂರ್ತಿ ಎಂಬ ರಾಯಚೂರಿನ ಹುಡುಗಿ ತನ್ನ ಫೋನು ನೋಡಿ ಕೂಗಿಕೊಂಡಳು. “ಆಂಟಿ, ನನ್ನ ರೊಕ್ಕ ಹೋತ್ರಿ!” ಅವಳ ತಾಯಿ ಅಂಗನವಾಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಕೋಚಿಂಗಿನ ಎರಡನೇ ಕಂತಿಗೆಂದು ಹಿಂದಿನ ವಾರವಷ್ಟೇ ಮಗಳ ಖಾತೆಗೆ ದುಡ್ಡು ಹಾಕಿದ್ದಳು. ಬ್ಯಾಂಕಿನಿಂದ ಹದಿಮೂರು ಮೆಸೇಜು ಬಂದಿದ್ದವು. ಹದಿಮೂರು ಖರೀದಿ, ಒಂದೊಂದಕ್ಕೂ ಎರಡು ಸಾವಿರದ ನಾಲ್ಕು ನೂರು. ಮೊದಲನೆಯದು ಆರು ನಲವತ್ತಕ್ಕೆ.

ಏನು ಖರೀದಿ ಎಂದು ಕೇಳಿದರೆ ಗೇಮಿನೊಳಗಿನ ಬಂದೂಕು, ಅಂಗಿ, ಚಿನ್ನದ ನಾಣ್ಯ ಎಂದಳು. ಫೋನಿನಲ್ಲಿ ಆಡುವ ಆಟ ಅದು. ಆಟದೊಳಗೇ ಒಂದು ಅಂಗಡಿ ಇರುತ್ತದೆ. ಅಲ್ಲಿ ಮಾರುವ ಸಾಮಾನು ಕೈಗೆ ಸಿಗುವುದಿಲ್ಲ, ಕೊಡುವ ದುಡ್ಡು ಮಾತ್ರ ನಿಜವಾದದ್ದು. ಸ್ಫೂರ್ತಿ ಹಿಂದೊಮ್ಮೆ ಏನೋ ಸಣ್ಣದು ಕೊಂಡು ತನ್ನ ಡೆಬಿಟ್ ಕಾರ್ಡನ್ನು ಅಲ್ಲಿ ಸೇವ್ ಮಾಡಿಟ್ಟಿದ್ದಳಂತೆ.

ನನಗೆ ತಿಳಿದ ಲೆಕ್ಕ ಸೀದಾ ಇತ್ತು. ಫೋನು ಡಬ್ಬಿಯಲ್ಲಿ, ಆಟ ಫೋನಿನಲ್ಲಿ, ಕೀಲಿಕೈ ಬಾಲಮ್ಮನಲ್ಲಿ. ಊಟದ ಮನೆಯಲ್ಲಿ ಹುಡುಗಿಯರೆಲ್ಲ ನಾಷ್ಟಾಕ್ಕೆ ಕೂತಿದ್ದರು. ಅವರ ಎದುರಿಗೇ ಅವಳನ್ನು ಕರೆದೆ.

“ಡಬ್ಬಿ ತಗದಿದ್ದೇನ?”

“ಇಲ್ರಿ.”

“ಮತ್ತ ದೆವ್ವ ಬಂದು ಖರೀದಿ ಮಾಡಿತೇನ?”

“ನನಗ ಆ ಫೋನ್ ಒತ್ತಾಕ ಬರೂದಿಲ್ರಿ ಅಮ್ಮಾರ.”

“ನಿನ್ನ ಅಳಿಯಗ ಬರ್ತೈತಲ್ಲ. ಮುಂಜಾನೆ ಹಾಲು ಕೊಡಾಕ ಅಂವಾ ಅಡಗಿಮನಿತನಾ ಬಂದಿದ್ದ.”

ಹುಡುಗಿಯರಲ್ಲಿ ಒಬ್ಬಳು ಇಡ್ಲಿ ನುಂಗುತ್ತಲೇ ಅಂದಳು: “ಮೊನ್ನಿ ನನ್ನ ಶಾಂಪೂ ಬಾಟ್ಲಿನೂ ಹೋಗಿತ್ತು ನೋಡ್ರಿ.” ಇನ್ನೊಬ್ಬಳಿಗೆ ಕಳೆದ ವರ್ಷದ ಛತ್ರಿ ನೆನಪಾಯಿತು. ನಾನು ಯಾರ ಬಾಯಿಯನ್ನೂ ಮುಚ್ಚಿಸಲಿಲ್ಲ. ಡಬ್ಬಿ ಸದ್ದು ಮಾಡುತ್ತಿದೆ ಎಂದು ಬಾಲಮ್ಮ ಬಂದು ಹೇಳಿದ್ದು ನನಗೆ ನೆನಪಿತ್ತು. ಕದ್ದವಳು ಮೊದಲೇ ಬಂದು ಸಾಚಾ ಆಗಲು ನೋಡಿದ್ದಾಳೆ ಎಂದು ಅದಕ್ಕೂ ಒಂದು ಅರ್ಥ ಹಚ್ಚಿಕೊಂಡೆ.

ಕೀಲಿಕೈ ಇಟ್ಟು ಮನೆಗೆ ನಡಿ ಎಂದೆ. ಅವಳು ಕೀಲಿಕೈ ಬಿಚ್ಚಿ ಮೇಜಿನ ಮೇಲೆ ಇಟ್ಟಳು. ಹೋಗಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು.

“ಈಗ ಎದ್ದು ಹೋದ್ರ ಕಳ್ಳಿ ಅನಿಸಿಕೊಂಡು ಹೋಗ್ತೀನ್ರಿ. ಆಮ್ಯಾಲ ಈ ಅಮೀರ್‌ಪೇಟ್‌ನಾಗ ಯಾರ ಒಲಿ ಮುಂದೂ ನನ್ನ ಕುಂಡ್ರಸಂಗಿಲ್ಲ. ಪೊಲೀಸರನ್ನ ಕರೀರಿ. ಅವರು ಬರೂತನಾ ಇಲ್ಲೇ ಇರ್ತೀನಿ.”

ಪೊಲೀಸ್ ಎಂದ ಕೂಡಲೇ ಸ್ಫೂರ್ತಿ ಬೆದರಿದಳು. “ಪೊಲೀಸ್ ಬ್ಯಾಡ್ರಿ ಆಂಟಿ, ಅವ್ವಗ ಗೊತ್ತಾಗ್ತೈತಿ.” ದುಡ್ಡು ಕಳೆದುಕೊಂಡವಳು ಬೇಡ ಅನ್ನುತ್ತಾಳೆ, ಕದ್ದವಳು ಕರೆಸು ಅನ್ನುತ್ತಾಳೆ. ಅಲ್ಲೇ ನನಗೆ ತಿಳಿಯಬೇಕಿತ್ತು. ತಿಳಿಯಲಿಲ್ಲ.

ಈ ಗದ್ದಲಕ್ಕೆ ಮೇಲಿನ ಕೋಣೆಯ ಶ್ವೇತಾ ಎದ್ದು ಬಂದಳು. ಪುತ್ತೂರಿನ ಹುಡುಗಿ, ಒಂದು ಕಂಪನಿಯ ಕಸ್ಟಮರ್ ಕೇರ್ ವಿಭಾಗದಲ್ಲಿ ಕೆಲಸ, ಮಧ್ಯಾಹ್ನದ ಪಾಳಿ. ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು.

“ಎಂತ ಕೋರ್ಟು ಆಂಟಿ ಇದು? ಕಾರ್ಡ್ ಬ್ಲಾಕ್ ಮಾಡಿದ್ದೀರಾ ಇಲ್ವಾ?”

ಯಾರೂ ಮಾಡಿರಲಿಲ್ಲ. ಒಂದು ತಾಸು ನ್ಯಾಯ ನಡೆಸಿದ್ದೆವು, ಕಾರ್ಡು ತೆರೆದೇ ಇತ್ತು. ಶ್ವೇತಾ ಮಾತು ಮುಗಿಸುವಷ್ಟರಲ್ಲಿ ಸ್ಫೂರ್ತಿಯ ಕೈಯಲ್ಲಿದ್ದ ಫೋನು ಸದ್ದು ಮಾಡಿತು. ಎರಡು ಸಾವಿರದ ನಾಲ್ಕು ನೂರು. ಹದಿನಾಲ್ಕನೆಯದು.

ಎಲ್ಲರೂ ಬಾಲಮ್ಮನ ಕಡೆ ತಿರುಗಿದೆವು. ಅವಳ ಎರಡೂ ಕೈ ಮೊಣಕಾಲ ಮೇಲಿದ್ದವು. ಕೀಲಿಕೈ ಮೇಜಿನ ಮೇಲಿತ್ತು. ಇಡ್ಲಿ ತಿನ್ನುತ್ತಿದ್ದವರೂ ನಿಲ್ಲಿಸಿದರು.

“ಗೇಮಿನ ಅಕೌಂಟ್ ಫೋನಿನ ಒಳಗೆ ಇರುವುದಲ್ಲ ಆಂಟಿ,” ಎಂದಳು ಶ್ವೇತಾ. “ಪಾಸ್‌ವರ್ಡ್ ಗೊತ್ತಿದ್ರೆ ಎಲ್ಲಿ ಕೂತೂ ತೆಗೀಬಹುದು. ಕಾರ್ಡ್ ಅಲ್ಲೇ ಸೇವ್ ಉಂಟಲ್ಲ. ಕಂಪನಿ ಹೊರದೇಶದ್ದು, ಪ್ರತಿ ಸಲ ಒಟಿಪಿ ಕೇಳುವುದಿಲ್ಲ.”

ನಾನು ಪೋಸ್ಟಾಫೀಸಿನ ಹಾಗೆ ಅರ್ಥ ಮಾಡಿಕೊಂಡೆ. ಪಾಸ್‌ಬುಕ್ಕು ನನ್ನ ಟ್ರಂಕಿನಲ್ಲಿ ಭದ್ರವಾಗಿರಬಹುದು. ನನ್ನ ಸಹಿ ಕಲಿತವನು ಯಾವ ಕಿಟಕಿಯಲ್ಲಾದರೂ ನಿಂತು ದುಡ್ಡು ತೆಗೆಯಬಹುದು.

ಬ್ಯಾಂಕಿಗೆ ಫೋನು ಹಚ್ಚಿದರು. ಹಿಂದಿಗೆ ಎರಡು ಒತ್ತಿ, ಕಾರ್ಡಿಗೆ ನಾಲ್ಕು ಒತ್ತಿ, ಆಮೇಲೆ ಹಾಡು. ಆ ಹಾಡಿನ ನಡುವೆಯೇ ಹದಿನೈದನೆಯ ಮೆಸೇಜು ಬಂತು. ಅಂತೂ ಕಾರ್ಡು ಬಂದಾಯಿತು. ಸೈಬರ್ ವಂಚನೆಯ ಸರ್ಕಾರಿ ಸಹಾಯವಾಣಿಗೆ ದೂರು ಬರೆಸಿದೆವು. ಗೇಮ್ ಕಂಪನಿಗೆ ಶ್ವೇತಾ ಇಂಗ್ಲಿಷಿನಲ್ಲಿ ಬರೆದಳು. ಕದ್ದವರು ಕೊಂಡ ಸಾಮಾನನ್ನೆಲ್ಲ ಬೇರೆ ಅಕೌಂಟುಗಳಿಗೆ ಗಿಫ್ಟ್ ಎಂದು ದಾಟಿಸಿ ಅಗ್ಗಕ್ಕೆ ಮಾರುತ್ತಾರಂತೆ.

ಆಮೇಲೆ ಸ್ಫೂರ್ತಿಯನ್ನು ನನ್ನ ಕೋಣೆಗೆ ಕರೆದು ಬಾಗಿಲು ಹಾಕಿದೆ. ಹತ್ತು ನಿಮಿಷ ಅತ್ತು ಬಾಯಿ ಬಿಟ್ಟಳು. ಆಟದಲ್ಲಿ ಜೊತೆಗೆ ಆಡುತ್ತಿದ್ದವಳೊಬ್ಬಳು ಆರು ತಿಂಗಳಿಂದ ಪರಿಚಯ. ಮುಖ ನೋಡಿದ್ದಿಲ್ಲ. ಕನ್ನಡದಲ್ಲೇ ಮೆಸೇಜು ಬರೆಯುತ್ತಿದ್ದಳು, ಊಟ ಆಯ್ತಾ ಎಂದು ಕೇಳುತ್ತಿದ್ದಳು. ಈ ಊರಿನಲ್ಲಿ ಹೊರಗೆ ಕಾಲಿಟ್ಟರೆ ತೆಲುಗು, ಹಿಂದಿ. ಕನ್ನಡ ಅಂದ ಮೇಲೆ ನಮ್ಮಾಕೆಯೇ ಎಂದು ಇವಳು ಅಕ್ಕ ಅನ್ನಲು ಶುರುಮಾಡಿದ್ದಳು. ಸೋಮವಾರ ಸಂಜೆ ಆ ಅಕ್ಕ ಪುಕ್ಕಟೆ ನಾಣ್ಯ ಸಿಗುತ್ತದೆ ಎಂದು ಒಂದು ಲಿಂಕ್ ಕಳಿಸಿದಳು. ಇವಳು ಅದರಲ್ಲಿ ಪಾಸ್‌ವರ್ಡ್ ತುಂಬಿದಳು, ಬಂದ ಒಟಿಪಿಯನ್ನೂ ಹೇಳಿದಳು.

“ಇದು ನಿನಗ ಒಂಬತ್ತು ಗಂಟೆಗೇ ಗೊತ್ತಿತ್ತಲ್ಲ?”

“ಡೌಟ್ ಇತ್ರಿ.”

“ಬಾಲಮ್ಮನ್ನ ಬೈಯೂಮುಂದ ಯಾಕ ಸುಮ್ಮನಿದ್ದಿ?”

“ನೀವೇ ಬೈದ್ರಲ್ರಿ ಆಂಟಿ. ನಾ ಏನ್ ಅಂದೆ?”

ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು. ಆದರೆ ಹುಡುಗಿ ಹೇಳಿದ್ದು ಸುಳ್ಳಾಗಿರಲಿಲ್ಲ.

ಮಧ್ಯಾಹ್ನ ಠಾಣೆಗೆ ಹೋದೆವು. ಬಾಲಮ್ಮನೂ ಯಾರೂ ಕರೆಯದೆ ಹಿಂದೆ ಬಂದಳು. ಬರೆದುಕೊಳ್ಳುತ್ತಿದ್ದ ಅಧಿಕಾರಿ, ನಿಮ್ಮಲ್ಲಿ ಯಾರ ಮೇಲಾದರೂ ಅನುಮಾನ ಇದೆಯೇ ಎಂದು ತೆಲುಗಿನಲ್ಲಿ ಕೇಳಿದ. ಇಲ್ಲ ಎಂದೆ. ಮೆಟ್ಟಿಲಿಳಿಯುವಾಗ ಬಾಲಮ್ಮ ತಡೆದಳು.

“ಇಲ್ಲಿ ಒಬ್ಬರ ಮುಂದ ಇಲ್ಲ ಅಂದ್ರಿ. ಅಲ್ಲಿ ಇಪ್ಪತ್ತು ಮಂದಿ ಮುಂದ ಹೌದು ಅಂದಿದ್ರಿ. ಅಲ್ಲೂ ಹೇಳ್ರಿ.”

ಸಂಜೆ ಊಟಕ್ಕೆ ಎಲ್ಲರೂ ಕೂತಾಗ ಹೇಳಿದೆ. ಬಾಲಮ್ಮ ಕದ್ದಿಲ್ಲ. ಫೋನು ಬಡಿದುಕೊಳ್ಳುತ್ತಿದೆ ಎಂದು ಏಳು ಗಂಟೆಗೇ ಬಂದು ಹೇಳಿದಳು, ಬಿಡು ಎಂದವಳು ನಾನು. ಏಳರ ಹೊತ್ತಿಗೆ ಹೋಗಿದ್ದದ್ದು ಮೂರು ಖರೀದಿ. ಉಳಿದ ಹನ್ನೆರಡು ನನ್ನ ಕಟ್ಟಳೆಯಿಂದಲೂ ನನ್ನ ಪಂಚಾಯ್ತಿಯಿಂದಲೂ ಹೋದವು. ಶಾಂಪೂ, ಛತ್ರಿ ಎಂದವರು ತಲೆ ತಗ್ಗಿಸಿದರು. ಬಾಲಮ್ಮ ಸಾರಿನ ಸೌಟು ಹಿಡಿದು ನಿಂತಿದ್ದಳು. “ಆತಲ್ರಿ, ಉಣ್ರಿ, ಆರಾಕತ್ತೈತಿ” ಎಂದಳು.

ಹತ್ತೊಂಬತ್ತು ದಿನಕ್ಕೆ ಸ್ಫೂರ್ತಿಯ ಗೇಮಿನ ಅಕೌಂಟು ವಾಪಸು ಸಿಕ್ಕಿತು. ಅವಳು ಅದನ್ನು ಅಳಿಸಿ ಹಾಕಿದಳು. ಎರಡು ತಿಂಗಳ ಮೇಲೆ ಒಂಬತ್ತು ಖರೀದಿಯ ದುಡ್ಡು ಬಂತು, ಆರರದ್ದು ಹೋಯಿತು. ಹೋದದ್ದನ್ನು ಬಾಡಿಗೆಯಲ್ಲಿ ಮುರಿದುಕೊಟ್ಟೆ.

ಆ ಹೊತ್ತಿಗೆ ಬಾಲಮ್ಮ ನನ್ನ ಕೆಲಸ ಬಿಟ್ಟಾಗಿತ್ತು. ಜಗಳವಿಲ್ಲ, ಲೆಕ್ಕ ತೀರಿಸಿಕೊಂಡಳು, ಹೋದಳು. ನಾನೂ ತಡೆಯಲಿಲ್ಲ. ತಡೆಯುವ ಮುಖ ಇರಲಿಲ್ಲ. ಒಂದು ವಾರದ ಮೇಲೆ ಎರಡು ಗಲ್ಲಿ ಆಚೆಗಿನ ಹಾಸ್ಟೆಲಿನಾಕೆ ನನಗೆ ಫೋನು ಮಾಡಿದಳು. ಬಾಲಮ್ಮನನ್ನು ಅಡುಗೆಗೆ ಇಟ್ಟುಕೊಳ್ಳಬಹುದೇ ಎಂದು ಕೇಳಿ, ದನಿ ಇಳಿಸಿ, “ನಿಮ್ಮಲ್ಲಿ ಏನೋ ಫೋನಿನ ಕಳ್ಳತನ ಮಾಡಿದ್ದಳಂತಲ್ಲ?” ಎಂದಳು.

ಅವತ್ತು ಬೆಳಿಗ್ಗೆ ನಾನು ಆಡಿದ ಮಾತು ಗಲ್ಲಿಯೆಲ್ಲ ತಿರುಗಿತ್ತು. ಸಂಜೆ ವಾಪಸು ತೆಗೆದುಕೊಂಡ ಮಾತು ನಮ್ಮ ಹೊಸ್ತಿಲು ದಾಟಿರಲಿಲ್ಲ. ಫೋನಿಟ್ಟು ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಈ ಕೆಲಸ ನನಗೆ ಕಲಿಸಿದ್ದು ಇದು. ಏನೇ ಹೋದರೂ ಮೊದಲು ಹೋಗುತ್ತಿರುವುದನ್ನು ನಿಲ್ಲಿಸಬೇಕು. ಆಮೇಲೆ ಕಳೆದುಕೊಂಡವರನ್ನು ಒಬ್ಬರನ್ನೇ ಕೂರಿಸಿ ಕೇಳಬೇಕು. ಇನ್ನೊಬ್ಬರ ಹೆಸರು ಎತ್ತುವುದು ಎಲ್ಲಕ್ಕಿಂತ ಕಡೆಗೆ. ದುಡ್ಡು ಎಲ್ಲಿ ಹೋಯಿತೆಂದು ಹುಡುಕಲು ಬ್ಯಾಂಕಿದೆ, ಪೊಲೀಸರಿದ್ದಾರೆ. ನಾವು ಆಡಿದ ಮಾತು ಎಲ್ಲೆಲ್ಲಿ ಹೋಗಿದೆಯೋ ಅಲ್ಲಿಗೆಲ್ಲ ನಾವೇ ಹೋಗಬೇಕು. ನಾನು ಆ ವಾರ ಐದು ಹಾಸ್ಟೆಲಿಗೆ ಹೋದೆ.