ಶೆಲ್ಫಿನ ಮೇಲಿನ ಭಾರ

ಪಕ್ಕದ ಮನೆಯ ಮಿಷನ್ ಅಕ್ಕ ಬಾಯಿಗಿಂತ ಕಾಲಲ್ಲೇ ಹೆಚ್ಚು ಮಾತಾಡಿದವಳು. ಗಂಡನ ಮೇಲೆ ಸಿಟ್ಟು ಬಂದರೆ ಹೊಲಿಗೆ ಮಿಷನ್ನನ್ನು ದಡದಡ ತುಳಿಯುತ್ತಿದ್ದಳು. ಜಗಳ ಎಷ್ಟು ದೊಡ್ಡದೆಂದು ಗೋಡೆಯ ಈಚೆ ನಮಗೆ ಗೊತ್ತಾಗುತ್ತಿತ್ತು. ಆ ಗಂಡನನ್ನು ನಾನು ಭಾವ ಎನ್ನುತ್ತಿದ್ದೆ. ಭಾವನ ಕಿಡ್ನಿಗಳು ಕೈಕೊಟ್ಟ ಮೇಲೆ ಜಗಳವೂ ನಿಂತಿತು.

ದಿನಕ್ಕೆ ನಾಲ್ಕು ಸಲ ಅವರ ಹೊಟ್ಟೆಗೆ ಹಾಕಿದ್ದ ಕೊಳವೆಯಲ್ಲಿ ಔಷಧಿ ನೀರು ಬಿಟ್ಟು, ಮತ್ತೆ ಹೊರತೆಗೆಯಬೇಕು. ತಪ್ಪಿದರೆ ಮೈಯಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ. ಆ ನೀರಿನ ಚೀಲಗಳನ್ನಿಡಲು ಕಂಪನಿಯವರು ಒಂದು ಶೆಲ್ಫ್ ಕೊಟ್ಟಿದ್ದರು. ಅದು ತನ್ನ ಮೇಲಿನ ತೂಕ ನೋಡಿಕೊಳ್ಳುತ್ತದೆ. ಕಮ್ಮಿಯಾದರೆ ತಾನೇ ಆರ್ಡರ್ ಕಳಿಸಿ, ಅಕ್ಕನ ಖಾತೆಯಿಂದ ದುಡ್ಡನ್ನೂ ತಾನೇ ಮುರಿದುಕೊಳ್ಳುತ್ತದೆ. ನಾದಿನಿಗಿಂತ ಇದೇ ವಾಸಿ, ಹೇಳದೇ ಕೆಲಸ ಮಾಡುತ್ತೆ ಎಂದು ಅಕ್ಕ ಹೊಗಳುತ್ತಿದ್ದಳು.

ಶಾಲೆ ಶುರುವಾಗುವ ಮುಂಚೆ ಅವಳಿಗೆ ಯೂನಿಫಾರಂ ಹೊಲಿಯುವ ದೊಡ್ಡ ಕೆಲಸ ಸಿಕ್ಕಿತು. ಇರುವುದೊಂದೇ ಕೋಣೆ. ಮಂಚದ ಮೇಲೆ ಗಂಡ, ನೆಲದ ತುಂಬ ಕತ್ತರಿಸಿದ ತುಂಡುಗಳು. ಹೊಲಿದ ಕಂತೆಗಳಿಗೆ ಧೂಳು ತಾಗದಿರಲೆಂದು, ಚೀಲ ಖಾಲಿಯಾದಂತೆಲ್ಲ ಶೆಲ್ಫಿನ ಮೇಲೆ ಅವನ್ನು ಪೇರಿಸಿದಳು. ಬೇರೇನೂ ಇಡಬೇಡಿ ಎಂದು ಕಂಪನಿಯವನು ಹೇಳಿದ್ದೇನೋ ನಿಜ. ನೀರು, ಎಣ್ಣೆ ಚೆಲ್ಲೀತೆಂದು ಹೇಳಿರಬೇಕು, ಒಣಬಟ್ಟೆಗೇನು ಎಂದುಕೊಂಡಳು.

ಚೀಲಗಳು ಮುಗಿಯುತ್ತ ಬಂದವು, ಹೊಸ ಪೆಟ್ಟಿಗೆ ಬರಲಿಲ್ಲ. ಫೋನ್ ಮಾಡಿದರೆ ಮನುಷ್ಯರು ಸಿಗಲಿಲ್ಲ. ನಿಮ್ಮಲ್ಲಿ ಸಾಕಷ್ಟು ದಾಸ್ತಾನಿದೆ ಎಂದು ರೆಕಾರ್ಡ್ ಮಾಡಿದ ದನಿಯೊಂದು ಹೇಳಿತು. ಕಲ್ಲಿಗಾದರೂ ಮೊರೆಯಿಡಬಹುದು, ಆ ಹಾಳು ದನಿಗಲ್ಲ. ಗಾಡಿ ಹೊರಟಿರಬೇಕು, ಅದಕ್ಕೇ ಹಾಗನ್ನುತ್ತಿದೆ ಎಂದು ಅಕ್ಕ ತಿಳಿದಳು. ನಾಲ್ಕು ಸಲದ್ದು ಎರಡಾಯಿತು, ಎರಡು ಒಂದಾಯಿತು. ಆಸ್ಪತ್ರೆಗೆ ಹೋಗೋಣವೆಂದರೆ ಭಾವ ಒಪ್ಪಲಿಲ್ಲ. ನಾಳೆ ಬರುತ್ತೆ, ನೀನು ಹೊಲಿ ಎಂದರು. ಕಾಲು ಬಾತವು, ಮುಖ ಬಾತಿತು. ಒಂದು ಬೆಳಿಗ್ಗೆ ಆಂಬುಲೆನ್ಸ್ ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು.

ಅವತ್ತೇ ಮಧ್ಯಾಹ್ನ ಶಾಲೆಯವರು ಬಂದರು. ನಾವೇ ಶೆಲ್ಫಿನಿಂದ ಕಂತೆಗಳನ್ನು ಇಳಿಸಿ ಕೊಟ್ಟೆವು. ಮಾರನೇ ದಿನ ಬಾಗಿಲಲ್ಲಿ ಪೆಟ್ಟಿಗೆಗಳ ಗಾಡಿ ಬಂದು ನಿಂತಿತು. ನನಗೆ ಮೈಯೆಲ್ಲ ಉರಿದು, ಈಗ ಬಂದೆಯಾ ಎಂದು ಗಾಡಿಯವನ ಮೇಲೆ ಹರಿಹಾಯ್ದೆ.

"ನಿನ್ನೆ ಮಧ್ಯಾಹ್ನ ತಾನೇ ಆರ್ಡರ್ ಬಂದಿದ್ದು," ಎಂದ. "ಅಲ್ಲೀತನಕ ಶೆಲ್ಫ್ ತುಂಬಿದೆ ಅಂತಾನೇ ತೋರಿಸ್ತಿತ್ತು."

ಒಳಗಿದ್ದ ಅಕ್ಕನಿಗೂ ಅದು ಕೇಳಿಸಿತು. ಎದ್ದು ಬಂದು ಬರಿದಾದ ಶೆಲ್ಫನ್ನು ನೋಡಿದಳು. ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ.

"ಹಾಗಾದ್ರೆ ಅದರ ಕಣ್ಣಿಗೆ ನನ್ನ ಬಟ್ಟೆನೇ ಅವರ ಔಷಧಿ ಆಗಿತ್ತು," ಎಂದಳು.

ಅಷ್ಟರಲ್ಲಿ ಆ ಪೆಟ್ಟಿಗೆಗಳ ದುಡ್ಡು ಕಡಿತವಾದ ಮೆಸೇಜು ಅವಳ ಫೋನಿಗೆ ಬಂತು.